ಬಿಲ್ಲೆ ನೋಡಿ ಬರೆದ ಹಾಜರಿ

ಮಾರ್ಚ್ 4, ಮಂಗಳವಾರ. ಸಂಜೆ

...ಅದನ್ನೇ ನಿನ್ನೆಯೂ ಹೇಳುತ್ತಿದ್ದೆ. ಹುಡುಕುವುದು ಬೇರೆ, ಸಿಗುವುದು ಬೇರೆ. ಕನ್ನಡಕ ಹುಡುಕಿದರೆ ಬಾಚಣಿಗೆ ಸಿಗುತ್ತದೆ. ಇವತ್ತೂ ಹಾಗೇ ಆಯಿತು.

ಮೇಲಿನ ಮೇಡಂ ಫೋನ್ ಮಾಡಿದಳು. ಆಸ್ಪತ್ರೆಯ ಸಿಬ್ಬಂದಿ ವಿಭಾಗದವಳು. ವಯಸ್ಸಿನಲ್ಲಿ ನನಗೆ ಮಗಳಾಗಬೇಕು, ಮಾತಿನಲ್ಲಿ ಹೆಡ್‌ಮಿಸ್ಸು. ಮುಂದಿನ ತಿಂಗಳಿನಿಂದ ನಮ್ಮ ಲಾಂಡ್ರಿ ಹೊರಗಿನ ಕಂಪನಿಯ ಪಾಲು. ಇದು ಗೊತ್ತಿದ್ದದ್ದೇ. ಕಂಪನಿಯವರು ಎಲ್ಲರನ್ನೂ ಇಟ್ಟುಕೊಳ್ಳುವುದಿಲ್ಲ. ಅದೂ ಗೊತ್ತಿದ್ದದ್ದೇ. ಯಾರನ್ನು ಬಿಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಕಳೆದ ಐದು ವರ್ಷದಲ್ಲಿ ಯಾರು ಹೆಚ್ಚು ದಿನ ಕೆಲಸಕ್ಕೆ ಬಂದಿಲ್ಲವೋ ಅವರನ್ನು. ರಜೆ ಹಾಕಿದರೂ ಅಷ್ಟೇ, ಹೇಳದೆ ಕೇಳದೆ ತಪ್ಪಿಸಿಕೊಂಡರೂ ಅಷ್ಟೇ — ಅವರಿಗೆ ಎರಡೂ ಒಂದೇ. ಆ ಪಟ್ಟಿಯನ್ನು ಹೊಸ ಸಾಫ್ಟ್‌ವೇರಿನಲ್ಲಿ ಹುಡುಕಿ ತೆಗೆದು ಇಪ್ಪತ್ತೊಂದನೇ ತಾರೀಖಿಗೆ ಕೊಡಬೇಕು. ಹಾಜರಿ ಗುಮಾಸ್ತ ನಾನು. ಕೊಡಲೇಬೇಕು.

ಹುಡುಕುವ ಪೆಟ್ಟಿಗೆಯಲ್ಲಿ ‘ಗೈರುಹಾಜರಿ’ ಆರಿಸಿದೆ, ‘ರಜೆ’ ಆರಿಸಿದೆ, ಒತ್ತಿದೆ. ಯಾವ ದಾಖಲೆಯೂ ಇಲ್ಲ ಅಂತ ಬಂತು. ಆಹಾ, ಇಡೀ ಲಾಂಡ್ರಿಯಲ್ಲಿ ಒಬ್ಬರೂ ರಜೆ ಹಾಕಿಲ್ಲ, ಸತ್ಯಯುಗ ಅಂದುಕೊಂಡೆ. ಮೇಡಂಗೆ ಹೇಳಿದೆ. ದಿನಾಂಕ ನೋಡಿ ಸರ್, ಇವತ್ತಿನಿಂದ ಇವತ್ತಿನವರೆಗೆ ಅಂತ ಇಟ್ಟಿದ್ದೀರಿ ಅಂದಳು. ಅದಕ್ಕೂ ನಗಲಿಲ್ಲ ಪಾಪ. ಒಳ್ಳೆಯ ಹುಡುಗಿ.

ದಿನಾಂಕ ಸರಿಪಡಿಸಿ ಒತ್ತಿದೆ. ಹೆಸರುಗಳು ಬಂದವು. ಹೆಚ್ಚಿನಿಂದ ಕಡಿಮೆಗೆ. ಮೊದಲನೆಯದು — ರೋಲರಕ್ಕ.

ಮತ್ತೆ ಒತ್ತಿದೆ. ಮತ್ತೆ ರೋಲರಕ್ಕ.

ಇಸ್ತ್ರಿ ರೋಲರಿನ ಮುಂದೆ ನಿಂತು ಅವಳ ಕೂದಲು ನೆರೆತಿದೆ. ಜ್ವರ ಬಂದರೂ ಬರುವವಳು. ಒಂದು ಸಲ ಕಾಲು ಉಳುಕಿದಾಗ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ದಿಂಬಿನ ಚೀಲ ಮಡಿಸಿದಳು. ಅವಳ ಅಪ್ಪ ಇದೇ ಲಾಂಡ್ರಿಯ ಬಾಯ್ಲರ್ ಕಾದವರು, ಈಗ ಹಾಸಿಗೆ ಹಿಡಿದಿದ್ದಾರೆ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ಅಪ್ಪ, ಮಗಳು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಅಂಥವಳು ಲಾಂಡ್ರಿಗೇ ದೊಡ್ಡ ಚಕ್ಕರ್ ಗಿರಾಕಿ ಅನ್ನುತ್ತದೆ ಮೆಷಿನ್ನು.

ಸ್ವಲ್ಪ ಹೊತ್ತು ಬೇಕಾಯಿತು ನನಗೆ. ಆಮೇಲೆ ಹೊಳೆಯಿತು. ಮೇಜಿನ ಮೇಲಿನ ಟೀ ಹಾಗೇ ಆರಿಹೋಯಿತು.

ಅತ್ತೆ ಕರೆಯುತ್ತಿದ್ದಾರೆ. ಊಟ ಆರಿದರೆ ಅಳಿಯಂದಿರು ಅಂತಲೂ ನೋಡುವುದಿಲ್ಲ. ನಾಳೆ.

ಮಾರ್ಚ್ 5, ಬುಧವಾರ

ಎಲ್ಲಿಗೆ ನಿಲ್ಲಿಸಿದ್ದೆ. ಹಾಂ, ಹೊಳೆದದ್ದು.

ಹೆಬ್ಬೆರಳು ಒತ್ತುವ ಯಂತ್ರ ಬರುವ ಮುಂಚೆ ನಮ್ಮಲ್ಲಿ ಬಿಲ್ಲೆ ಇತ್ತು. ಹಿತ್ತಾಳೆಯದು, ಒಬ್ಬೊಬ್ಬರಿಗೆ ಒಂದು ನಂಬರು. ಬಂದವರು ಬಿಲ್ಲೆಯನ್ನು ಬೋರ್ಡಿನ ಮೊಳೆಗೆ ನೇತುಹಾಕಬೇಕು. ನಾನು ಬೋರ್ಡು ನೋಡಿ ಹಾಜರಿ ಬರೆಯಬೇಕು. ಯಾರಿಗಾದರೂ ತಾಪತ್ರಯ ಬಂತು, ಅವರ ರಜೆ ಮುಗಿದುಹೋಗಿದೆ ಅನ್ನಿ. ರಜೆ ಉಳಿಸಿಕೊಂಡಿರುವ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ರಜೆ ಚೀಟಿ ಕೊಡುತ್ತಿದ್ದರು. ಕೊಟ್ಟು, ಮನೆಯಲ್ಲಿ ಕೂರದೆ ಕೆಲಸಕ್ಕೇ ಬಂದು ಆ ತಾಪತ್ರಯದವರ ಬಿಲ್ಲೆ ನೇತುಹಾಕುತ್ತಿದ್ದರು. ಅಲ್ಲಿಗೆ ಬಾರದವರು ಹಾಜರು, ಬಂದವರು ರಜೆ. ಸಾಲದ ರಜೆ ಅಂತ ಕರೆಯುತ್ತಿದ್ದೆವು. ಮೇಜಿಗೆ ನಾಲ್ಕು ಜನ ಇರಬೇಕಿತ್ತು, ನಾಲ್ಕು ಜನ ಇರುತ್ತಿದ್ದರು. ಹಳೇ ಸೂಪರ್‌ವೈಸರಿಗೂ ಗೊತ್ತಿತ್ತು. ಬಿಲ್ಲೆ ನೋಡಿ ಬರೆಯುವುದು ನಿನ್ನ ಕೆಲಸ, ಮುಖ ನೋಡಿ ಅಲ್ಲ ಅಂದಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಕೊಡುವವರು ಯಾರು? ರಜೆ ಉಳಿಸಿಕೊಂಡವರು. ರಜೆ ಉಳಿಯುವುದು ಯಾರಿಗೆ? ಯಾವತ್ತೂ ರಜೆ ಹಾಕದವರಿಗೆ. ರೋಲರಕ್ಕನ ರಜೆ ಗುಡ್ಡ ಬಿದ್ದಿರುತ್ತಿತ್ತು. ಬಟ್ಟೆ ಮೂಟೆ ಹೊರುವ ಮೂಟೆಮಾವ, ಒಗೆಯುವ ಯಂತ್ರಗಳಿಗೆ ಸೋಪು ಅಳೆದು ಹಾಕುವ ನಮ್ಮ ‘ಸೋಪು’, ಎಲ್ಲರೂ ಅಲ್ಲಿಂದಲೇ ಅಗೆದರು.

ಸಾಫ್ಟ್‌ವೇರ್ ಬಂದಾಗ ಆ ಹಳೇ ಹಾಜರಿಯನ್ನೆಲ್ಲ ಕೂತು ಟೈಪ್ ಮಾಡಿದವನು ನಾನೇ. ಇದ್ದದ್ದು ಇದ್ದ ಹಾಗೆ. ಟೈಪ್ ಮಾಡುವಾಗ ಇದೊಂದೂ ತಲೆಗೆ ಬರಲಿಲ್ಲ. ಒಂದೊಂದು ದಿನ ನೋಡುವವನಿಗೆ ಒಟ್ಟು ಎಲ್ಲಿ ಕಾಣುತ್ತದೆ. ಯಂತ್ರಕ್ಕೆ ಒಟ್ಟು ಮಾತ್ರ ಕಾಣುತ್ತದೆ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಮಾತು ಬರೆಸಿದ್ದರು, ಕಾನ್‌ಸ್ಪಿಕ್ಯುಯಸ್ ಬೈ ಆಬ್ಸೆನ್ಸ್ ಅಂತ. ಬೈಯೋ, ಇನ್ನೋ, ವಿತ್ತೋ — ಪ್ರಿಪೊಸಿಷನ್ ನನಗೆ ಯಾವತ್ತೂ ಒಲಿಯಲಿಲ್ಲ. ಇಲ್ಲದೇ ಇರುವುದರಿಂದಲೇ ಎದ್ದು ಕಾಣುವುದು ಅಂತ ಅರ್ಥ. ಇಲ್ಲಿ ಯಂತ್ರ ಇದ್ದವಳನ್ನೇ ಇಲ್ಲದವಳನ್ನಾಗಿ ಮಾಡಿ ಎತ್ತಿ ತೋರಿಸುತ್ತಿದೆ. ಅದಕ್ಕೆ ಮೇಷ್ಟ್ರು ಏನೂ ಬರೆಸಿರಲಿಲ್ಲ.

ಮಧ್ಯಾಹ್ನ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತೇನೋ ಅಂತ ಲಿಫ್ಟಿನಲ್ಲಿ ಅನ್ನಿಸಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವಳು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದಳು. ಒಂದೇ ಪ್ರಶ್ನೆ ಹಾಕಿದಳು, ಯಾರು ಯಾರಿಗೆ ಕೊಟ್ಟರು ಅಂತ ನಿಮಗೆ ಗೊತ್ತಾ ಅಂತ. ಕೆಲವು ಗೊತ್ತು, ಕೆಲವು ಮರೆತಿದ್ದೇನೆ ಅಂದೆ. ದಾರಿ ಇದೆಯಂತೆ. ಹಾಜರಿ ತಿದ್ದುಪಡಿ. ಆದರೆ ಅದನ್ನು ನಾನು ಹಾಕುವ ಹಾಗಿಲ್ಲ, ಅವಳೂ ಹಾಕುವ ಹಾಗಿಲ್ಲ. ರಜೆ ಪಡೆದವರು ತಮ್ಮ ಪಾಸ್‌ವರ್ಡಿನಿಂದ ತಾವೇ ಒಳಗೆ ಹೋಗಿ, ಆ ದಿನ ನಾನು ಬಂದಿರಲಿಲ್ಲ, ನನ್ನ ಜಾಗದಲ್ಲಿ ಇಂಥವರಿದ್ದರು ಅಂತ ಒಪ್ಪಬೇಕು. ಆಗ ಅವರ ಹಾಜರಿ ಕಳೆದು ರೋಲರಕ್ಕನಿಗೆ ಸೇರುತ್ತದೆ. ಹಳೇ ಸಂಬಳವನ್ನು ಯಾರೂ ಕೆದಕುವುದಿಲ್ಲ, ಆ ವರ್ಷಗಳ ಲೆಕ್ಕ ಮುಚ್ಚಿದೆ ಅಂದಳು. ಆದರೆ...

ಆದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಯಾರು ಒಪ್ಪುತ್ತಾರೋ ಅವರು ಪಟ್ಟಿಯಲ್ಲಿ ಮೇಲೇರುತ್ತಾರೆ. ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರು ಹತ್ತಬೇಕು. ಏತದ ಹಾಗೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ರೋಲರಕ್ಕನಿಗೆ ಹೇಳಿದೆ. ಹೇಳುವ ಜಾಗ ಅದಲ್ಲ, ಆದರೆ ಅವಳು ಬೇರೆ ಜಾಗದಲ್ಲಿ ಸಿಕ್ಕುವುದೇ ಇಲ್ಲ. ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಆ ಕೆಲಸಕ್ಕೆ ಇಬ್ಬರು ಬೇಕು. ಎದುರಿಗಿದ್ದವಳು ನೀರು ಕುಡಿಯಲು ಹೋಗಿದ್ದಳು, ತುದಿ ಹಿಡೀರಿ ಗುಮಾಸ್ತರೇ ಅಂದಳು ರೋಲರಕ್ಕ. ಹಿಡಿದೆ. ದೂರ ನಿಂತು ಜಗ್ಗುವುದು, ಒಂದು ಹೆಜ್ಜೆ ಹತ್ತಿರ, ತುದಿ ಕೊಡುವುದು, ಮತ್ತೆ ದೂರ. ಹತ್ತಿರ ಬಂದಾಗಲೆಲ್ಲ ಒಂದೊಂದು ತುಂಡು ಹೇಳಿದೆ. ಪಟ್ಟಿ. ಮೊದಲ ಹೆಸರು. ತಿದ್ದುಪಡಿ.

ಅವಳ ಕೈ ಒಂದು ಸಲವೂ ತಪ್ಪಲಿಲ್ಲ. ನನ್ನದೇ ತಪ್ಪಿತು, ಒಂದು ಮೂಲೆ ನೆಲಕ್ಕೆ ತಾಗಿ ಅದನ್ನು ಮತ್ತೆ ಒಗೆಯಲು ಹಾಕಬೇಕಾಯಿತು.

"ಕೊಟ್ಟಿದ್ದನ್ನ ವಾಪಸ್ ಕೇಳೋ ಅಭ್ಯಾಸ ನನಗಿಲ್ಲ" ಅಂದಳು.

ಇದು ವಾಪಸ್ ಕೇಳುವುದಲ್ಲ, ಇದ್ದದ್ದನ್ನು ಹೇಳುವುದು ಅಂದೆ.

"ಯಾರು ಹೇಳ್ಬೇಕು? ಮೂಟೆಮಾವ ಹೇಳ್ಬೇಕಾ? ಅವನ ಮೊಣಕಾಲು ನೋಡಿದ್ದೀರಾ? ಕಂಪನಿಯವರು ಒಂದು ನೆಪಕ್ಕೆ ಕಾಯ್ತಿರ್ತಾರೆ. ಸೋಪು ಹೇಳ್ಬೇಕಾ? ಅವಳ ಮಗು ಇನ್ನೂ ಶಾಲೆ ಮೆಟ್ಟಿಲು ಹತ್ತಿಲ್ಲ. ಬಿಡಿ ಗುಮಾಸ್ತರೇ. ನನಗೇನು, ಎಲ್ಲಿ ಹೋದ್ರೂ ಇಸ್ತ್ರಿ ಇಸ್ತ್ರಿನೇ."

ಅಪ್ಪ? ಅಂದೆ.

ಇನ್ನೊಂದು ಬಟ್ಟೆ ಎಳೆದುಕೊಂಡಳು. ಅಷ್ಟರಲ್ಲಿ ನೀರು ಕುಡಿಯಲು ಹೋದವಳು ಬಂದಳು, ನನ್ನ ಕೈಯಿಂದ ತುದಿ ಕಸಿದುಕೊಂಡಳು. ಗುಮಾಸ್ತರು ಮಡಿಸಿದ ಬಟ್ಟೆಯಲ್ಲಿ ಯಾವ ರೋಗಿಗೂ ನಿದ್ದೆ ಬರಲ್ಲ ಅಂದಳು. ಎಲ್ಲರೂ ನಕ್ಕರು. ರೋಲರಕ್ಕನೂ ನಕ್ಕಳು.

ಇಸ್ತ್ರಿ ಇಸ್ತ್ರಿನೇ ಅಂತೆ. ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ ಅವಳಿಗೆ ಇನ್ನೊಂದು ರೋಲರು.

ಮಾರ್ಚ್ 10, ಸೋಮವಾರ

ಶನಿವಾರ ಭಾನುವಾರ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಅಂದರೆ ಸುಳ್ಳು. ಬರೆದರೆ ಎದುರಿಗೆ ಬಂದು ಕೂರುತ್ತದೆ.

ಇವತ್ತು ಇನ್ನೊಂದು ಹೆಸರು ಹುಡುಕಿದೆ. ನನ್ನದು.

ನಮ್ಮವಳು ಕಾಯಿಲೆ ಬಿದ್ದ ವರ್ಷ. ನನ್ನ ರಜೆಯೆಲ್ಲ ಮೊದಲೆರಡು ತಿಂಗಳಲ್ಲೇ ಕರಗಿತ್ತು, ಮನೆಗೂ ಪರೀಕ್ಷೆಗಳಿಗೂ ಓಡಾಡಿ. ಆಮೇಲೆ ಅವಳನ್ನು ಇಲ್ಲೇ, ಇದೇ ಆಸ್ಪತ್ರೆಯ ನಾಲ್ಕನೇ ಮಹಡಿಗೆ ಸೇರಿಸಿದರು. ನೆಲಮಾಳಿಗೆಯಲ್ಲಿ ನಾನು, ನಾಲ್ಕನೆಯದರಲ್ಲಿ ಅವಳು. ಎಷ್ಟು ಹತ್ತಿರ ಅಲ್ಲವೇ ಅಂತ ಎಲ್ಲರೂ ಅಂದರು. ನಡುವೆ ಲಿಫ್ಟು, ಲಿಫ್ಟಿನ ಹೊರಗೆ ಸಾಲು. ಕೆಳಗಿದ್ದರೆ ಮನಸ್ಸು ಮೇಲೆ. ಬರೆದ ಹಾಜರಿ ಎರಡು ಸಲ ತಪ್ಪಾಯಿತು. ಒಂದು ಬೆಳಿಗ್ಗೆ ಬಂದರೆ ನನ್ನ ಕುರ್ಚಿಯಲ್ಲಿ ರೋಲರಕ್ಕ ಕೂತಿದ್ದಳು. ನನ್ನ ಬಿಲ್ಲೆ ಬೋರ್ಡಿನಲ್ಲಿತ್ತು. ರೋಲರನ್ನು ಪಕ್ಕದವಳಿಗೆ ಬಿಟ್ಟುಬಂದಿದ್ದಳು. ನಾನೂ ಹತ್ತನೇ ಕ್ಲಾಸು ಓದಿದ್ದೀನಿ, ಇದೇನು ಬ್ರಹ್ಮವಿದ್ಯೆನಾ, ನೀವು ಮೇಲೆ ಹೋಗಿ ಅಂದಳು.

ಹೋದೆ. ಅವತ್ತು, ಮಾರನೇ ದಿನ, ಅದರ ಮಾರನೇ ದಿನ. ಕೊನೆಯವರೆಗೂ.

ಈಗ ಹುಡುಕಿದರೆ ಆ ದಿನಗಳಲ್ಲೆಲ್ಲ ನಾನು ಹಾಜರು. ಉದ್ದಕ್ಕೂ ಹಸಿರು ಚುಕ್ಕಿ, ಹಲ್ಲು ಕಿರಿದ ಹಾಗೆ. ಅವಳದ್ದು ತೆಗೆದು ನೋಡಿದರೆ ಅದೇ ದಿನಗಳಲ್ಲಿ ಕೆಂಪು. ಮೂಟೆಮಾವನದ್ದು, ಸೋಪಿನದ್ದು ಎಲ್ಲ ಅಲ್ಲೊಂದು ಇಲ್ಲೊಂದು. ನನ್ನದೇ ದೊಡ್ಡ ಗಂಟು. ಬೇರೆ ಯಾರೂ ಬಾಯಿ ಬಿಡದಿದ್ದರೂ ನನ್ನದೊಂದನ್ನೇ ಕಳೆದರೆ ಅವಳು ಪಟ್ಟಿಯ ನಡುವಿಗೆ ಇಳಿಯುತ್ತಾಳೆ.

ನಾನು ತುದಿಗೇರುತ್ತೇನೆ.

ಇದು ಮಂಗಳವಾರವೇ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಟೀ ಆರಿಹೋದದ್ದು ಸುಮ್ಮನೆ ಅಲ್ಲ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ

ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಹಾಜರಿ ಗುಮಾಸ್ತನನ್ನು ಹೆಬ್ಬೆರಳಿನ ಯಂತ್ರ ಬಂದ ಮೇಲೆ ಯಾರು ಕೇಳುತ್ತಾರೆ. ಬಾಡಿಗೆ ಇದೆ, ಅತ್ತೆಯ ಔಷಧಿ ಇದೆ. ಹೀಗೆಲ್ಲ ಯೋಚಿಸುತ್ತ ಹಲ್ಲುಜ್ಜಿದೆ. ಬಹಳ ಹೊತ್ತು ಉಜ್ಜಿದೆ ಅಂತ ಕಾಣುತ್ತದೆ. ಹಲ್ಲು ಉಳಿಸ್ತೀರೋ ಇಲ್ವೋ ಅಂತ ಅತ್ತೆ ಹೊರಗಿನಿಂದ ಕೇಳಿದರು.

ಅದೇ ದಿನ, ಸಂಜೆ

ಅತ್ತೆಗೆ ಹೇಳಿಬಿಟ್ಟೆ.

ಮಗಳು ಹೋದ ಮೇಲೂ ಅಳಿಯನ ಜೊತೆ ಇರುವ ಅತ್ತೆ ಎಲ್ಲಿದ್ದಾರೆ ಅಂತ ಜನ ಕೇಳುತ್ತಾರೆ. ನಮ್ಮ ಮನೆಯಲ್ಲಿದ್ದಾರೆ. ನಿಮ್ಮನ್ನ ನೋಡ್ಕೊಳ್ಳೋಕೆ ಇದ್ದೀನಿ ಅಂತ ಅವರು, ಅವರನ್ನು ನೋಡಿಕೊಳ್ಳಲು ಇದ್ದೇನೆ ಅಂತ ನಾನು. ಎರಡೂ ಸ್ವಲ್ಪ ಸ್ವಲ್ಪ ನಿಜ. ದಿನಕ್ಕೊಂದು ಜಗಳ ಆಗದಿದ್ದರೆ ಇಬ್ಬರಿಗೂ ಮೈ ಸರಿ ಇಲ್ಲ ಅಂತ ಲೆಕ್ಕ.

ಅಂಗಡಿಯವನು ಕೊಟ್ಟ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೇಳಿಸಿಕೊಂಡರು. ಬಿಲ್ಲೆ, ರೋಲರಕ್ಕ, ಪಟ್ಟಿ, ನನ್ನ ನೌಕರಿ. ನೌಕರಿಯ ಮಾತು ಬಂದಾಗ ಏನೋ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಸೂಜಿ ನಿಂತದ್ದು ಬೇರೆ ಕಡೆ.

"ಅವಳು ಹೋದ ದಿನ ನೀವೆಲ್ಲಿದ್ರಿ?"

ಮೇಲೆ, ನಿಮ್ಮ ಪಕ್ಕದಲ್ಲೇ ಅಂದೆ.

"ಮತ್ತೆ ಆ ಡಬ್ಬಿ ಏನನ್ನತ್ತೆ?"

ಕೆಳಗೆ ಕೆಲಸದಲ್ಲಿದ್ದೆ ಅನ್ನುತ್ತದೆ.

ಅಂಗಿ ಕೆಳಗಿಟ್ಟರು. ಕನ್ನಡಕ ತೆಗೆದರು. ಮಗಳ ಕಣ್ಣೇ. ಯಾವಾಗಲೋ ಒಮ್ಮೆ ಹಾಗೆ ಕಂಡುಬಿಡುತ್ತದೆ, ಆಗ ನಾನು ಬೇರೆ ಕಡೆ ನೋಡುತ್ತೇನೆ.

"ನನ್ನ ಮಗಳು ಉಸಿರು ಬಿಡುವಾಗ ಗಂಡ ಆಫೀಸಲ್ಲಿದ್ದ ಅಂತ ಬರೆದಿದೆ. ಆ ಅಕ್ಕನ ವಿಷಯ ಹಾಗಿರಲಿ ಅಳಿಯಂದಿರೇ. ಇದನ್ನ ಹೀಗೇ ಬಿಟ್ಟು ಸಾಯ್ತೀರಾ ನೀವು?"

ಯಾರು ನೋಡುತ್ತಾರೆ ಅತ್ತೆ ಅದನ್ನು, ಬರೀ ಲೆಕ್ಕಕ್ಕೆ ಅಂದೆ.

"ನೀವು ನೋಡಿದ್ರಲ್ಲ" ಅಂದರು. ಮತ್ತೆ ಸೂಜಿ ಎತ್ತಿಕೊಂಡರು. ಊಟದವರೆಗೂ ಜಗಳ ಇಲ್ಲ. ಅದೇ ಭಯ.

ಮಾರ್ಚ್ 14, ಶುಕ್ರವಾರ

ನನ್ನದೊಂದೇ ಯಾಕೆ, ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತುಕೊಂಡರೆ ಯಾರೂ ತುದಿಗೆ ಹೋಗುವುದಿಲ್ಲ ಅಂತ ಒಂದು ಉಪಾಯ ಹೊಳೆಯಿತು. ಬಹಳ ಒಳ್ಳೆಯ ಉಪಾಯ. ಕಾಗದದ ಮೇಲೆ.

ಸೋಪು ಕಣ್ಣಲ್ಲಿ ನೀರು ತಂದುಕೊಂಡಳು. ಹೆರಿಗೆಯ ಹೊತ್ತಿನಲ್ಲಿ ಅಕ್ಕ ಕೊಟ್ಟದ್ದು ಮರೆತಿಲ್ಲ ಸರ್, ಆದರೆ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಅಂದಳು. ಸರಿ ಅಂದೆ. ಇನ್ನೇನು ಅನ್ನುವುದು. ಮೂಟೆಮಾವ ಮೈಲಿಗೆ ಬಟ್ಟೆಯ ಮೂಟೆಗಳ ನಡುವೆ ಒಂದನ್ನು ಇನ್ನೊಂದರ ಮೇಲೆ ಎತ್ತಿಡುತ್ತಿದ್ದ. ನಾನು ಬಂದ ಕೂಡಲೇ ಅವನಿಗೆ ಕೆಲಸ ಹೆಚ್ಚಾಯಿತು. ನಾನು ಯಾವತ್ತು ರಜೆ ತಗೊಂಡೆ, ನನಗೆ ನೆನಪೇ ಇಲ್ಲವಲ್ಲ ಅಂದ. ತಮ್ಮನ ಅಪಘಾತ ಆದಾಗ ಅಂದೆ. ಅದಾ, ಅದು ಹಾಗಲ್ಲ, ಅದು ಬೇರೆ ಅಂದ. ಹೇಗೆ ಬೇರೆ ಅಂತ ಅವನಿಗೂ ಹೊಳೆಯಲಿಲ್ಲ. ಇನ್ನೂ ಇಬ್ಬರನ್ನು ಕೇಳಿದೆ. ಒಬ್ಬ ಪಾಸ್‌ವರ್ಡ್ ಮರೆತಿದ್ದ, ಇನ್ನೊಬ್ಬ ನನ್ನನ್ನೇ ಮರೆತವನ ಹಾಗೆ ನಡೆದುಹೋದ.

ಕೋಪ ಬರಬೇಕಿತ್ತು. ಬರಲಿಲ್ಲ. ನಾನು ಅವರ ಮುಂದೆ ನಿಂತದ್ದು ನನ್ನದನ್ನು ಇನ್ನೂ ಹಾಕದೆ. ಕೈಯಲ್ಲಿ ಚಂದಾ ರಸೀದಿಯ ಕಟ್ಟು ಹಿಡಿದುಕೊಂಡು ಮೊದಲು ನೀವು ಹಾಕಿ ಅಂತ ಕೇಳುವ ವಸೂಲಿಯವನ ಹಾಗೆ. ಯಾರು ಹಾಕುತ್ತಾರೆ.

ಹಿದರ್‌ಟು ಅಂತ ಒಂದು ಪದ ಕಲಿತಿದ್ದೆ. ಇಲ್ಲಿಯವರೆಗೆ. ಪರೀಕ್ಷೆಯಲ್ಲಿ ಎಲ್ಲ ವಾಕ್ಯಕ್ಕೂ ಅದನ್ನು ತುರುಕಿದ್ದೆ. ಇಲ್ಲಿಯವರೆಗೆ ಸರಿ, ಮುಂದೆ ಏನು ಅಂತ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಮಾರ್ಚ್ 19, ಬುಧವಾರ

ಇಷ್ಟು ದಿನ ಪುಸ್ತಕ ಮುಟ್ಟಲಿಲ್ಲ. ಯಾರಾದರೊಬ್ಬರು ಮೊದಲು ಹೆಜ್ಜೆ ಇಡಲಿ ಅಂತ ಕಾದೆ. ಯಾರೂ ಇಡಲಿಲ್ಲ. ಅವರೂ ನನ್ನನ್ನೇ ಕಾಯುತ್ತಿದ್ದರೋ ಏನೋ.

ಬೆಳಿಗ್ಗೆ ಮೇಲಿನ ಮೇಡಂ ಹತ್ತಿರ ಹೋಗಿ ನಾನು ಹಾಕುತ್ತೇನೆ, ಹೇಗೆ ಅಂತ ತೋರಿಸಿ ಅಂದೆ. ಕುರ್ಚಿ ಎಳೆದುಕೊಟ್ಟಳು. ತೋರಿಸುವ ಮುಂಚೆ ಒಂದು ಮಾತು ಹೇಳಿದಳು.

"ಆಮೇಲೆ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಆಗತ್ತೆ ಸರ್. ನಾನು ಅದನ್ನ ತಡೆಯೋಕೆ ಆಗಲ್ಲ."

ಒಂದು ಸಲವಾದರೂ ಫಸ್ಟ್ ಬರಬೇಕಲ್ಲಮ್ಮ ಅಂದೆ. ಈ ಸಲವೂ ನಗಲಿಲ್ಲ. ನೀರು ತರಿಸಿದಳು. ಯಾವ ಗುಂಡಿ, ಯಾವ ಕಿಟಕಿ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಒಂದೊಂದೇ ದಿನ ಹಾಕಬೇಕಂತೆ, ಒಟ್ಟಿಗೆ ಆಗುವುದಿಲ್ಲ. ಒಂದೊಂದಕ್ಕೂ ಕಾರಣ ಬರೆಯಬೇಕು. ಹಾಕಿದ್ದನ್ನು ಅವಳು ಒಪ್ಪಿದ ಮೇಲೆ ತಿದ್ದುವ ಹಾಗಿಲ್ಲ.

ಸುದ್ದಿ ನನಗಿಂತ ಮುಂಚೆ ಮೆಟ್ಟಿಲಿಳಿದಿತ್ತು. ರೋಲರಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತಿದ್ದಳು. ರೋಲರು ಬಿಟ್ಟು, ಕೆಲಸದ ಹೊತ್ತಿನಲ್ಲಿ. ಅವಳನ್ನು ಹಾಗೆ ನೋಡಿ ಎಲ್ಲರೂ ಕೈ ನಿಲ್ಲಿಸಿದರು.

"ನಾನು ಕೇಳಿದ್ನಾ ನಿಮ್ಮನ್ನ?"

ಇಲ್ಲ ಅಂದೆ.

"ಕೇಳಿಲ್ಲ ಅಂದ್ಮೇಲೆ ಯಾಕೆ ನನಗೆ ಋಣ ಹೊರಿಸ್ತೀರಾ? ನಾಳೆಯಿಂದ ಆ ಕೋಣೇಲಿ ಹೇಗೆ ಮಲಗ್ಲಿ ನಾನು? ಇದು ಗುಮಾಸ್ತರ ನೌಕರಿ ತಿಂದ ಕೋಣೆ ಅಂದ್ಕೊಂಡು ಮಲಗ್ಲಾ?"

ಇದಕ್ಕೆ ತಯಾರಿ ಮಾಡಿಕೊಂಡಿರಲಿಲ್ಲ. ಅತ್ತೆಯ ಹತ್ತಿರ ಇಸಿದುಕೊಂಡೆ ಅಂತ ಕಾಣುತ್ತದೆ, ಆ ಪ್ರಶ್ನೆಯೇ ಬಾಯಿಗೆ ಬಂತು. ನಮ್ಮವಳು ಹೋದ ದಿನ ನಾನು ಎಲ್ಲಿದ್ದೆ, ಹೇಳು ಅಂದೆ.

ಮೇಲೆ ಅಂದಳು. ದನಿ ಇಳಿದಿತ್ತು.

"ನನ್ನ ಮೇಲೆ ಕಳಿಸಿದ್ದು ನೀನು. ನಾನು ಮೇಲಿದ್ದೆ ಅಂತ ಬರೆಯೋದು ನಿನಗೋಸ್ಕರ ಮಾತ್ರ ಅಲ್ಲ ಅಕ್ಕ. ಇದ್ದ ಕಡೆ ಇದ್ದೆ ಅಂತ ಇರಲಿ. ಇಲ್ಲದ ಕಡೆ ಇದ್ದೆ ಅಂತ ಬೇಡ ನನಗೆ."

ನನಗಿಂತ ಚಿಕ್ಕವಳು. ಅಕ್ಕ ಅಂದದ್ದು ರೂಢಿಗೆ. ಆದರೂ ಆ ಹೊತ್ತಿಗೆ ಅಕ್ಕನ ಹಾಗೇ ನಿಂತಿದ್ದಳು, ಹೊಡೆಯಬೇಕೋ ಬೇಡವೋ ಅಂತ. ಆಮೇಲೆ ನನ್ನ ಮೇಜಿನ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸಿದಳು, ಪೆನ್ನುಗಳನ್ನು ಸಾಲಾಗಿ ಇಟ್ಟಳು. ಅವಳು ಈ ಕುರ್ಚಿಯಲ್ಲಿ ಕೂತಿದ್ದ ತಿಂಗಳುಗಳಲ್ಲಿ ಈ ಮೇಜು ಹೀಗೇ ಇರುತ್ತಿತ್ತು, ಮೂಟೆಮಾವ ಆಗಾಗ ಹೇಳಿ ನನ್ನನ್ನು ಚುಚ್ಚುತ್ತಾನೆ.

"ನಿಮ್ಮ ಅತ್ತೆಗೆ ಗೊತ್ತಾ?" ಅಂದಳು.

ಅವರೇ ಹಾಕು ಅಂದದ್ದು ಅಂದೆ. ಅದು ಪೂರ್ತಿ ನಿಜ ಅಲ್ಲ. ಆದರೆ ಅತ್ತೆಯ ಹೆಸರು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ, ನೋಡದೇ ಇದ್ದವರೂ.

ರೋಲರು ಮತ್ತೆ ಶುರುವಾಯಿತು.

ಮಾರ್ಚ್ 21, ಶುಕ್ರವಾರ. ಸಂಜೆ, ಆಫೀಸಿನಲ್ಲೇ

ಮನೆಗೆ ಹೋಗಿಲ್ಲ. ಪುಸ್ತಕ ಇಲ್ಲಿಗೇ ತಂದಿದ್ದೇನೆ. ಒಂದು ದಿನ ಟೈಪ್ ಮಾಡುವುದು, ಇಲ್ಲಿ ಎರಡು ಸಾಲು ಬರೆಯುವುದು. ಬೆಳಿಗ್ಗೆಯಿಂದ ಹೀಗೇ.

ಬಹಳ ನಿಧಾನ. ನಿಧಾನಕ್ಕೆ ಬೆರಳು ಕಾರಣ ಅಲ್ಲ. ಒಂದೊಂದೇ ತಾರೀಖು ತೆರೆದರೆ ಆ ದಿನ ಹೊರಗೆ ಬರುತ್ತದೆ. ಈ ದಿನ ಅವಳಿಗೆ ಸ್ವಲ್ಪ ಹಸಿವಾಗಿತ್ತು. ಈ ದಿನ ಡಾಕ್ಟರ್ ನನ್ನ ಜೊತೆ ಮಾತಾಡಿದರು, ಅವಳ ಜೊತೆ ಆಡಲಿಲ್ಲ. ಈ ದಿನ ಅತ್ತೆ ಮತ್ತೆ ಅವಳು ಯಾವುದೋ ಹಳೇ ನೆರೆಯವಳನ್ನು ನೆನೆದು ನಕ್ಕು ನಕ್ಕು, ನರ್ಸ್ ಬಂದು ಬೈದಳು. ಇದನ್ನೆಲ್ಲ ಮರೆತಿದ್ದೆ ಅಂದುಕೊಂಡಿದ್ದೆ. ಹುಡುಕಿರಲಿಲ್ಲ ಅಷ್ಟೇ. ಕಾರಣ ಅನ್ನುವ ಕಡೆ ಎಲ್ಲದಕ್ಕೂ ಒಂದೇ ಬರೆದೆ — ನಾಲ್ಕನೇ ಮಹಡಿಯಲ್ಲಿದ್ದೆ. ಅದು ಕಾರಣವಾ, ವಿಳಾಸವಾ ಅಂತ ಮೇಡಂ ಕೇಳಬಹುದು. ಕೇಳಲಿಲ್ಲ. ಒಂದೊಂದನ್ನೇ ಒಪ್ಪುತ್ತ ಹೋದಳು. ಒಂದು ಕೆಂಪು ಹಸಿರಾಗುತ್ತದೆ, ಒಂದು ಹಸಿರು ಕೆಂಪಾಗುತ್ತದೆ.

ನಡುವೆ ಒಮ್ಮೆ ಪಟ್ಟಿ ತೆಗೆದು ನೋಡಿದೆ. ನಾನು ಮೇಲೆ. ಅಂದುಕೊಂಡಷ್ಟು ಹೆದರಿಕೆ ಆಗಲಿಲ್ಲ. ಹೆಸರು ಚೆನ್ನಾಗಿಯೇ ಕಾಣುತ್ತದೆ ಅಲ್ಲಿ. ರೋಲರಕ್ಕ ನಡುವಿನಲ್ಲಿ ಎಲ್ಲೋ ಸೇರಿಕೊಂಡಿದ್ದಾಳೆ, ಅಷ್ಟು ಒಳಗೆ ಕಂಪನಿಯವರ ಕೈ ಬರುವುದಿಲ್ಲ. ಇನ್ನೊಂದು ನೋಡಿದೆ. ಮೂಟೆಮಾವ ಎರಡು ದಿನ ಒಪ್ಪಿಕೊಂಡಿದ್ದಾನೆ. ಯಾರ ಹತ್ತಿರ ಟೈಪ್ ಮಾಡಿಸಿದನೋ. ನಾಲ್ಕು ಅಂತ ನನಗೆ ಗೊತ್ತು. ಇರಲಿ. ಮೊಣಕಾಲು ಇಟ್ಟುಕೊಂಡು ಎರಡು ಮೆಟ್ಟಿಲು ಹತ್ತಿದ್ದೇ ಹೆಚ್ಚು.

ಅತ್ತೆ ಎರಡು ಸಲ ಫೋನ್ ಮಾಡಿದರು. ಮೊದಲನೆಯದು, ಆಯ್ತಾ ಅಂತ. ಎರಡನೆಯದು, ನಾಳೆಯಿಂದ ಮನೆಯಲ್ಲೇ ಇರುವುದಾದರೆ ಗುಂಡಿ ಹಚ್ಚುವುದು ಕಲಿಸುತ್ತೇನೆ, ಕಣ್ಣು ನೆಟ್ಟಗಿದೆ ತಾನೇ ಅಂತ. ಮುಂದಿನ ತಿಂಗಳಿನವರೆಗೆ ಕೆಲಸ ಇದೆ ಅತ್ತೆ ಅಂದೆ. ಹಾಗಾದರೆ ಮುಂದಿನ ತಿಂಗಳು ಅಂದರು.

ಇನ್ನು ಒಂದೇ ಉಳಿದಿದೆ. ಆ ದಿನದ್ದು. ಕೊನೆಗೆ ಅಂತಲೇ ಇಟ್ಟುಕೊಂಡಿದ್ದೆ. ತಾರೀಖು ತೆರೆದಿದ್ದೇನೆ. ಆವತ್ತು ‘ಹಾಜರು’ ಇದ್ದದ್ದನ್ನು ತೆಗೆದಿದ್ದೇನೆ. ಕಾರಣ ಮಾತ್ರ ಖಾಲಿ. ಉಳಿದದ್ದಕ್ಕೆಲ್ಲ ಹಾಕಿದ್ದನ್ನೇ ಇದಕ್ಕೂ ಹಾಕಬಹುದು. ಕೈ ಬರುತ್ತಿಲ್ಲ. ಎಲ್ಲ ದಿನಗಳ ಹಾಗೆ ಅದೂ ಒಂದು ದಿನ ಅಂತ ಆಗಿಬಿಡುತ್ತದೆ.

ಆ ದಿನ ಬೆಳಿಗ್ಗೆ ಅವಳ ಹಾಸಿಗೆಯ ಬಟ್ಟೆ ಬದಲಿಸಿದ್ದರು. ಇನ್ನೂ ಬೆಚ್ಚಗಿತ್ತು, ಕೆಳಗಿನಿಂದ ಆಗಷ್ಟೇ ಬಂದದ್ದು. ಅವಳು ಅಂಚನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದಳು. ಮಾತಾಡಿ ಎರಡು ದಿನ ಆಗಿತ್ತು. ಬಾಯಿ ಹತ್ತಿರ ಕಿವಿ ಇಟ್ಟೆ. ಇವತ್ತು ಕೆಳಗೆ ಹೋಗಲ್ವಾ ಅಂದಳು. ಇಲ್ಲ ಅಂದೆ. ಹೂಂ ಅಂದಳು. ಅಷ್ಟೇ. ಮತ್ತೆ ಏನೂ... ಅಂಚು ಹಿಡಿದೇ ಇದ್ದಳು, ನಾನು ಇನ್ನೊಂದು ಕಡೆಯ ಅಂಚು ಹಿಡಿದೆ. ಮಧ್ಯಾಹ್ನದವರೆಗೂ ಹಾಗೇ.

ಇದನ್ನೇ ಬರೆಯಬಹುದೇ? ಕೆಳಗೆ ಹೋಗಲ್ವಾ ಅಂತ ಕೇಳಿದಳು, ಇಲ್ಲ ಅಂದೆ ಅಂತ. ಇದಕ್ಕಿಂತ ಬೇರೆ ಕಾರಣ ಇಲ್ಲ. ಜಾಗ ಇದೆ ಆ ಪೆಟ್ಟಿಗೆಯಲ್ಲಿ, ನೋಡಿದ್ದೇನೆ. ಮೇಡಂ ಇನ್ನೂ ಮೇಲಿದ್ದಾಳೆ, ಒಪ್ಪಿ ಹೋಗುತ್ತೇನೆ ಅಂದಿದ್ದಾಳೆ.

ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಕನ್ನಡಕ ಒರೆಸಿದೆ. ಕನ್ನಡಕ ಅಲ್ಲ, ಸೂರಿನಡಿಯ ಕಿಂಡಿಯಲ್ಲಿ ಬೆಳಕು ಹೋಗುತ್ತಿದೆ. ರೋಲರು ಯಾವಾಗ ನಿಂತಿತೋ. ಪರದೆಯ ಬೆಳಕು ಸಾಕು, ಮೊದಲು ಇದೊಂದನ್ನು